ಹೊಳೆ ದಾಟುವ ಮಾತು

ಹೊನ್ನಾವರದ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ಕುಳಿತವನಿಗೆ ನಮ್ಮ ಕರಾವಳಿಯ ನಂಟಸ್ತಿಕೆಯೆಲ್ಲ ಕಣ್ಣಿಗೆ ಬೀಳುತ್ತದೆ. ತೆಂಕಣಿಂದ ಭಟ್ಕಳದ ಬಸ್ಸು ಬರುತ್ತದೆ, ಬಡಗಣಿಂದ ಕುಮಟೆಯದು. ಇಳಿಯುವವರ ಕೈಚೀಲ ನೋಡಿಯೇ ತವರಿಗೆ ಹೊರಟವರು ಯಾರು, ಗಂಡನ ಮನೆಗೆ ಮರಳುವವರು ಯಾರು ಎಂದು ಹೇಳಿಬಿಡಬಹುದು. ಮೂರು ತಾಲ್ಲೂಕುಗಳ ಗಡಿಯನ್ನು ಸರಕಾರ ಕಾಗದದ ಮೇಲೆ ಎಳೆದಿದೆ. ನಮ್ಮ ಹೆಣ್ಣುಮಕ್ಕಳು ಅದನ್ನು ದಿನವೂ ದಾಟುತ್ತಾರೆ.

ನನ್ನ ತಂಗಿಯ ಮಗಳನ್ನು ಭಟ್ಕಳ ತಾಲ್ಲೂಕಿಗೆ ಕೊಟ್ಟಿದೆ. ತಂಗಿಯ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ದಂಡೆಗೆ. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ನಮ್ಮಲ್ಲಿ ಶಾಸ್ತ್ರಕ್ಕಿಂತಲೂ ಗಟ್ಟಿಯಾದ ಪದ್ಧತಿ. ಸೀಮಂತ ಮುಗಿಸಿ ಹುಡುಗಿ ಬಂದಳು. ಹೂವು, ಸೀರೆ, ಉಂಡೆಯ ಡಬ್ಬಿ ಎಲ್ಲವೂ ಬಂದುವು. ಬರಬೇಕಾಗಿದ್ದ ತಾಯಿ ಕಾರ್ಡು ಮಾತ್ರ ಗಂಡನ ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯಿತು. ಅದು ಯಾರ ಗಮನಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಅಂಗಳಕ್ಕೆ ಬಂದಳು. ನಾನೂ ಅಲ್ಲಿದ್ದೆ. ಕುಳಿತುಕೊಳ್ಳುವ ಮೊದಲೇ, "ಹೋದ ಸಲ ತೋರಿಸಿದಾಗ ರಕ್ತದೊತ್ತಡ ಏರಿತ್ತಂತಲ್ಲ ತಂಗೀ, ಕಾಲು ಬಾತಿದೆಯೋ ನೋಡುವಾ" ಎಂದಳು. ತಾಯಿಗೇ ತಿಳಿಯದ ಸಂಗತಿ ಇವಳಿಗೆ ಹೇಗೆ ತಿಳಿಯಿತೆಂದು ತಂಗಿ ಬೆರಗಾದಳು. ಕಾಲು ಬಾತಿತ್ತು. ಬಸುರಿಯ ಕಾಲು ಬಾಯುವುದು ಸಹಜವೆಂದು ನಾವೆಲ್ಲ ಸುಮ್ಮನಿದ್ದೆವು. ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು; ಅಲ್ಲಿಂದ ದಕ್ಷಿಣದ ದೊಡ್ಡ ಆಸ್ಪತ್ರೆಗೆ. ಮೂರನೆಯ ದಿನ ಮಗು ಹುಟ್ಟಿತು, ತೂಕ ಕಡಿಮೆ, ತಾಯಿ ಉಳಿದಳು. ಇನ್ನು ಎರಡು ದಿನ ಕಳೆದಿದ್ದರೆ ಅಪಸ್ಮಾರ ಬರುತ್ತಿತ್ತು ಎಂದು ವೈದ್ಯರು ಹೇಳಿದ್ದನ್ನು ನಾನು ತಂಗಿಗೆ ಈವರೆಗೆ ತಿಳಿಸಿಲ್ಲ.

ದಕ್ಷಿಣಕ್ಕೆ ಹೋಗುವ ಆ ದಾರಿಯ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಯವರು ಪ್ರಾಣಕ್ಕೆ ಬಂದಾಗ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಕಟ್ಟೆಯಲ್ಲಿ ಅಪ್ಪಳಿಸಿ ನಾಲ್ವರು ಸತ್ತರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಮುಗಿಲು ಮುಟ್ಟಿತು. ದಾರಿ ಇಷ್ಟು ಉದ್ದವಿರುವ ಕಡೆ, ಹೊರಡಬೇಕಾದ ಹೊತ್ತನ್ನು ಒಂದು ದಿನ ಮುಂಚೆ ತಿಳಿಸುವವರೇ ಅರ್ಧ ವೈದ್ಯರು.

ಸುದ್ದಿ ಹೇಗೆ ಬಂತೆಂದು ನಾನು ವಿಚಾರಿಸಿದೆ. ಸರಕಾರದ ಗಣಕಯಂತ್ರದಲ್ಲಿ ಹುಡುಗಿಯ ದಾಖಲೆ ಇದ್ದೇ ಇತ್ತು. ಆದರೆ ದಾಖಲೆಗೆ ಕಾಲಿಲ್ಲ. ಭಟ್ಕಳದ ಕಡೆಯ ಆಶಾ ಕಾರ್ಯಕರ್ತೆಗೆ ಕುಮಟೆಯವಳ ಪರಿಚಯವಿರಲಿಲ್ಲ. ಅವಳು ತನ್ನ ಆರೋಗ್ಯ ಕೇಂದ್ರದಲ್ಲಿ ತಮ್ಮೆಲ್ಲರ ಪರವಾಗಿ ಮಾತನಾಡುವ ಹಿರಿಯಳಿಗೆ ಹೇಳಿದಳು, ಆಕೆ ಹೊನ್ನಾವರದ ಅಂಥದೇ ಒಬ್ಬಳಿಗೆ, ಆಕೆ ಕುಮಟೆಯವಳಿಗೆ. ಸಂಜೆಯೊಳಗೆ ಮಾತು ಶರಾವತಿಯನ್ನು ದಾಟಿತ್ತು. ಈ ಮೂವರಿಗೂ ಪರಿಚಯವಾದದ್ದು ಯಾವ ತರಬೇತಿಯಲ್ಲಿಯೂ ಅಲ್ಲ. 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ, ಚಳಿಗೆ ಒಂದೇ ಚಾದರ ಹೊದ್ದು ಕುಳಿತಾಗ.

ಹೊನ್ನಾವರದಾಕೆಯನ್ನು ಕಾಣಬೇಕೆನ್ನಿಸಿ ಹೋದೆ. ಹೆಸರು ಬರೆಯುವುದು ಬೇಡವೆಂದಿದ್ದಾರೆ. ನಾನು ಮಾಸ್ತರಿಕೆಯಲ್ಲಿ ಕೂದಲು ನರೆತವನು; ಅವರ ಕೈಯಲ್ಲಿದ್ದ ಇನ್ನೂರು ಪುಟದ ನೋಟುಪುಸ್ತಕ ಕಂಡೊಡನೆ ಕೈ ಚಾಚಿದೆ. "ಅಕ್ಷರ ಚೆಂದವಿಲ್ಲ ಮಾಸ್ತರೆ" ಎಂದು ನಾಚುತ್ತಲೇ ಕೊಟ್ಟರು. ಯಾರ ಗೌರವಧನ ಯಾವ ತಿಂಗಳಿಂದ ಬಾಕಿ, ಯಾವ ಕೇರಿಯಲ್ಲಿ ಬಾಗಿಲು ತೆರೆಯುವುದಿಲ್ಲ, ಯಾರ ಗಂಡ ರಾತ್ರಿಯ ಕರೆಗೆ ಕಳಿಸಲು ತಕರಾರು ಮಾಡುತ್ತಾನೆ, ಯಾರಿಗೆ ಸಕ್ಕರೆ ಕಾಯಿಲೆಯಿದ್ದೂ ತಾನು ಪರೀಕ್ಷೆ ಮಾಡಿಸಿಕೊಂಡಿಲ್ಲ - ಎಲ್ಲವೂ ಅದರಲ್ಲಿದ್ದುವು. ತಿಂಗಳ ಸಭೆಯಲ್ಲಿ ಅವರು ಇದನ್ನು ಎದ್ದು ನಿಂತು ಓದುತ್ತಾರೆ. ಮೊದಮೊದಲು ಒಬ್ಬ ಅಧಿಕಾರಿಗೆ ಇದು ಉದ್ಧಟತನವಾಗಿ ಕಂಡಿತಂತೆ. ಅವರು ಗಳಿಸಿದ ಮೊದಲ ಜಯ ಬಹಳ ಚಿಕ್ಕದು: ಸಭೆಯ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿಕೊಂಡದ್ದು. ಘಟ್ಟದ ಬುಡದ ಹಳ್ಳಿಗಳವರು ಅಲ್ಲಿಯವರೆಗೆ ಸಭೆ ಮುಗಿಸಿ ಕತ್ತಲಲ್ಲಿ ಕಾಡುದಾರಿಯಲ್ಲಿ ನಡೆಯುತ್ತಿದ್ದರು. ಬಸ್ಸು ಸಿಗುವಂತಾದ ಮೇಲೆ, ಸಭೆಯಲ್ಲಿ ಬಾಯಿ ಬಿಡದಿದ್ದವರೂ ಮಾತನಾಡತೊಡಗಿದರು. ನನಗೆ ಇದು ದೊಡ್ಡ ಸಂಗತಿಯೆನಿಸಿತು.

ಕೆಲಸಗಾರರ ಪ್ರತಿನಿಧಿಗಳು ಆಡಳಿತದೊಡನೆ ಸಮನಾಗಿ ಕೂರಬೇಕೆಂಬ ಮಾತು ಹೊಸದಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆ ನೂರು ಮಂದಿಯಿರುವ ಸಂಸ್ಥೆಯಲ್ಲಿ ಅಂಥ ಸಮಿತಿಗೆ ಅವಕಾಶ ಮಾಡಿತ್ತು. ಎರಡೂ ಪಕ್ಷಗಳಲ್ಲಿ ಸ್ನೇಹವನ್ನು ಬೆಳೆಸುವುದೇ ಅದರ ಕರ್ತವ್ಯವೆಂದು ವಿಧಿಸಿತ್ತು. ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಸ್ಪತ್ರೆಗಳನ್ನೂ ಈ ಕಾಯಿದೆಯ ವ್ಯಾಪ್ತಿಗೆ ತಂದಿತು. ಆದರೆ ಆಶಾ ಕಾರ್ಯಕರ್ತೆ ಈ ಲೆಕ್ಕಕ್ಕೆ ಸಿಗುವುದಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಹುಟ್ಟಿದ ಈ ವ್ಯವಸ್ಥೆಯಲ್ಲಿ ಆಕೆ ನೌಕರಳಲ್ಲ, ಸ್ವಯಂಸೇವಕಿ. ಸಾವಿರ ಜನಕ್ಕೊಬ್ಬಳಂತೆ ರಾಜ್ಯದಲ್ಲಿ 40,000ಕ್ಕೂ ಹೆಚ್ಚು ಮಂದಿ ಇದ್ದಾರೆ. ಈ ಬಗೆಯ ಯೋಜನಾ ಕಾರ್ಯಕರ್ತೆಯರನ್ನು ಕೆಲಸಗಾರರೆಂದು ಒಪ್ಪಿಕೊಳ್ಳಬೇಕೆಂದು 2013ರಲ್ಲಿ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರೆಲ್ಲರನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. ಪ್ರಶಸ್ತಿ ಬಂತು, ನೌಕರಿಯ ಹೆಸರು ಬರಲಿಲ್ಲ.

ಹಣದ ಲೆಕ್ಕ ವಿಚಿತ್ರವಾದುದು. ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಕಡೆ ಬಸುರಿಯ ಆರೈಕೆಗೆ 300 ರೂಪಾಯಿ, ಆಸ್ಪತ್ರೆಯ ಹೆರಿಗೆಗೆ 300 ರೂಪಾಯಿ. ಒಂದೊಂದು ಕೆಲಸಕ್ಕೆ ಒಂದೊಂದು ಬೆಲೆ. ಹುಡುಗಿ ಏಳು ತಿಂಗಳು ಒಂದು ತಾಲ್ಲೂಕಿನಲ್ಲಿದ್ದು ಇನ್ನೊಂದರಲ್ಲಿ ಹೆತ್ತರೆ, ಲೆಕ್ಕ ಎಲ್ಲೋ ತೊಡಕುತ್ತದೆ. ತವರಿನ ಪದ್ಧತಿಯನ್ನು ಪೋರ್ಟಲಿಗೆ ಯಾರೂ ಕಲಿಸಿಲ್ಲ. ಹೊಳೆಯಾಚೆಗೆ ಹೇಳಿಕಳಿಸುವ ಕೆಲಸಕ್ಕಂತೂ ಯಾವ ಪಟ್ಟಿಯಲ್ಲಿಯೂ ಬೆಲೆಯಿಲ್ಲ. ಮಾಡಿದ ಕೆಲಸಕ್ಕೂ ಪೋರ್ಟಲಿನಲ್ಲಿ ಕಾಣುವ ಕೆಲಸಕ್ಕೂ ತಾಳೆಯಾಗದೆಂಬುದೇ ಅವರ ದೊಡ್ಡ ದೂರು. 2020ರ ಜುಲೈಯಲ್ಲಿ, ಸೋಂಕಿನ ನಡುವೆಯೇ, 12,000 ರೂಪಾಯಿಗಾಗಿ ಮುಷ್ಕರ ಹೂಡಿದರು. 2025ರ ಜನವರಿ 7ರಿಂದ ನಾಲ್ಕು ದಿನ ಬೆಂಗಳೂರಿನಲ್ಲಿ ಕುಳಿತು 15,000 ಕೇಳಿದರು. ತಿಂಗಳಿಗೆ 10,000 ಖಚಿತವೆಂಬ ಸರಕಾರದ ಮಾತು ಪಡೆದು ಎದ್ದರು. ಆ ಮಾತಿನ ಜಾರಿಗಾಗಿ ಅದೇ ವರ್ಷ ಮತ್ತೆ ಬೀದಿಗಿಳಿಯಬೇಕಾಯಿತು.

ಮುಷ್ಕರದ ದಿನಗಳಲ್ಲಿ ಬಸುರಿಯರ ಗತಿಯೇನೆಂದು ನಾನು ಸ್ವಲ್ಪ ಖಾರವಾಗಿಯೇ ಕೇಳಿದೆ. ಹೊನ್ನಾವರದಾಕೆ ಸಿಟ್ಟಾಗಲಿಲ್ಲ. "ಮೂವರು ಹೋದೆವು, ಇಬ್ಬರು ಉಳಿದರು. ಯಾರ ದಿನ ತುಂಬಿದೆಯೆಂದು ಪಟ್ಟಿ ಮಾಡಿ ಅವರ ಕೈಗೆ ಕೊಟ್ಟೇ ಬಸ್ಸು ಹತ್ತಿದ್ದು" ಎಂದರು.

ಈ ಮೂರು ತಾಲ್ಲೂಕುಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದು ಎಷ್ಟು ಕಠಿಣವೆಂಬುದು ಹೊರಗಿನವರಿಗೆ ತಿಳಿಯದು. ಭಟ್ಕಳದ ಮನೆಗಳಲ್ಲಿ ನವಾಯತಿ, ಬಂದರಿನಲ್ಲಿ ಕೊಂಕಣಿ, ತೋಟಗಳಲ್ಲಿ ಹವ್ಯಕ ಕನ್ನಡ, ಕುಮಟೆಯ ಬೆಟ್ಟದಡಿಗೆ ಹಾಲಕ್ಕಿಗಳ ನುಡಿ. 2020ರ ಮಾರ್ಚಿಯಲ್ಲಿ ದುಬೈಯಿಂದ ಬಂದವರಲ್ಲಿ ಕೋವಿಡ್ ಕಾಣಿಸಿ ಭಟ್ಕಳದ ಬೀದಿಗಳು ಮುಚ್ಚಿದಾಗ, ಬಾಗಿಲು ತಟ್ಟಿದವರು ಈ ಹೆಣ್ಣುಮಕ್ಕಳೇ. ಮಂಗನ ಕಾಯಿಲೆಯ ಕಾಲದಲ್ಲಿಯೂ ಹಾಗೆಯೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಜ್ವರ ಘಟ್ಟವಿಳಿದು ಹೊನ್ನಾವರದ ಕಾಡಂಚಿಗೂ ಬಂದಿದೆ. ದರಕು ತರಲು ಹೋಗುವವರಿಗೆ ಉಣುಗು ಹತ್ತದಂತೆ ಡೆಪಾ ತೈಲ ಹಂಚುವುದು ಇವರ ಕೆಲಸ. ಎಲ್ಲಿ ಮಂಗ ಸತ್ತು ಬಿತ್ತೆಂಬ ಸುದ್ದಿ ಕಚೇರಿಗಿಂತ ಮೊದಲು ಆ ನೋಟುಪುಸ್ತಕಕ್ಕೆ ಬರುತ್ತದೆ.

ನಾವು ಮಾತನಾಡುತ್ತಿರುವಾಗಲೇ ಅವರ ಫೋನು ಗುನುಗಿತು. ಭಟ್ಕಳದಿಂದ. ಅವರು ನನಗೆ ಕೈಸನ್ನೆ ಮಾಡಿ ನೋಟುಪುಸ್ತಕವನ್ನು ವಾಪಸು ತೆಗೆದುಕೊಂಡರು. ಪೆನ್ನಿಗಾಗಿ ತಡಕಿದರು, ನನ್ನದನ್ನು ಕೊಟ್ಟೆ.

"ಮಧ್ಯಾಹ್ನದ ಬಸ್ಸೋ? ಯಾರ ಮನೆ ಹುಡುಗಿ? ಸರಿ, ನಾನು ಕುಮಟೆಗೆ ಹೇಳ್ತೆ. ಕಾರ್ಡು ಹಿಡಿದುಕೊಂಡಿದ್ದಾಳೋ ಕೇಳು ಮೊದಲು."