ಮನೆಯ ವೈರಿಂಗ್: ಸಹಿ ಯಾರದು, ಹೊಣೆ ಯಾರದು?

ಅಡಿಕೆ ಸುಲಿಯುವ ಕೆಲಸವಿರಲಿ, ಕಾಫಿ ಕೊಯ್ಲಿರಲಿ, ಕೆಲಸಕ್ಕೆ ಬಂದವರ ಕೈಗುಣ ಸಂಜೆಯೊಳಗೆ ಬೆಳೆಗಾರನ ಕಣ್ಣಿಗೆ ಬೀಳುತ್ತದೆ. ಸುಲಿದ ಅಡಿಕೆಗೆ ಕತ್ತಿ ತಾಗಿದ್ದರೆ, ಕೊಯ್ದ ಹಣ್ಣಿನಲ್ಲಿ ಹಸಿರು ಕಾಯಿ ಬೆರೆತಿದ್ದರೆ ಮುಚ್ಚಿಡಲು ಬರುವುದಿಲ್ಲ. ಮನೆಯ ವಿದ್ಯುತ್ ಕೆಲಸ ಹಾಗಲ್ಲ. ತಂತಿ ಗೋಡೆಯೊಳಗೆ ಸೇರಿ, ಮೇಲೆ ಗಾರೆ ಮೆತ್ತಿ, ಬಣ್ಣ ಬಳಿದ ಮೇಲೆ ಒಳಗೆ ಏನಿದೆಯೆಂದು ಯಜಮಾನನಿಗೂ ತಿಳಿಯದು. ದೀಪ ಉರಿದರೆ ಕೆಲಸ ಸರಿಯಾಗಿದೆಯೆಂದೇ ನಮ್ಮ ಎಣಿಕೆ. ಆದರೆ ಭೂಸಂಪರ್ಕವೇ, ಅಂದರೆ ಅರ್ಥಿಂಗೇ ಇಲ್ಲದ ಮನೆಯಲ್ಲೂ ದೀಪ ಉರಿಯುತ್ತದೆ. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿದರೂ ಉರಿಯುತ್ತದೆ. ತಪ್ಪು ಬಯಲಾಗುವುದು ಯಾರೋ ಒದ್ದೆ ಕೈಯಲ್ಲಿ ಮುಟ್ಟಿದ ದಿನ.

ಹೀಗೆ ಕಣ್ಣಿಗೆ ಕಾಣದ ಕೆಲಸಕ್ಕೆ ಒಬ್ಬ ಹೊಣೆಗಾರನನ್ನು ಗೊತ್ತುಮಾಡುವುದೇ ಸರ್ಕಾರದ ಪರವಾನಗಿ ಪದ್ಧತಿಯ ತಿರುಳು. ಅದನ್ನು ಒಂದು ತೊಡಕು, ಇನ್ನೊಂದು ಖರ್ಚು ಎಂದು ಬಗೆಯುವವರೇ ನಮ್ಮಲ್ಲಿ ಹೆಚ್ಚು. ಆ ಪದ್ಧತಿಯಲ್ಲಿ ಏನಿದೆ, ಅದು ಎಲ್ಲಿ ಸೋರಿಹೋಗುತ್ತಿದೆ, ಬೆಳೆಗಾರರು ಅದರಿಂದ ಪ್ರಯೋಜನ ಪಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಬಯಸುತ್ತೇವೆ.

ಕಾನೂನು ಹೇಳುವುದೇನು?

1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮವು ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ಹೊಸ ವೈರಿಂಗ್ ಮಾತ್ರವಲ್ಲ, ಇದ್ದುದಕ್ಕೆ ಸೇರಿಸುವುದು, ಬದಲಿಸುವುದು, ರಿಪೇರಿ ಮಾಡುವುದು ಇವೆಲ್ಲವನ್ನೂ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡಿಸಬೇಕು. ಅರ್ಹತಾ ಪತ್ರವುಳ್ಳ ಮೇಲ್ವಿಚಾರಕ ಅದನ್ನು ನೋಡಿಕೊಳ್ಳಬೇಕು, ಪರ್ಮಿಟ್ ಇರುವ ವೈರ್‌ಮನ್ ಕೈಯಿಂದಲೇ ಕೆಲಸ ಆಗಬೇಕು. ವಿದ್ಯುತ್ ಕಾಯಿದೆ 2003ರಲ್ಲಿ ಹೊಸದಾಗಿ ಬಂತು. ಅದರ ಕೆಳಗೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ, ಮತ್ತೆ 2023ರಲ್ಲಿ ಸುರಕ್ಷತಾ ನಿಯಮಗಳನ್ನು ಹೊರಡಿಸಿತು. ಈ ಮೂಲ ಕಟ್ಟಳೆ ಮಾತ್ರ ಬದಲಾಗದೆ ಉಳಿದಿದೆ.

ಹಾಗೆಂದು ಒಂದು ಬಲ್ಬು ಹಾಕುವುದಕ್ಕೂ ಗುತ್ತಿಗೆದಾರ ಬೇಕೆಂದು ಯಾರೂ ಹೆದರಬೇಕಾಗಿಲ್ಲ. ಕೆಟ್ಟ ದೀಪ, ಫ್ಯಾನ್, ಫ್ಯೂಸ್, ಸ್ವಿಚ್ ಇವನ್ನು ಅದೇ ಅಳತೆಯ, ಅದೇ ಬಗೆಯ ಹೊಸದರಿಂದ ಬದಲಿಸುವುದಕ್ಕೆ ನಿಯಮದಲ್ಲೇ ವಿನಾಯಿತಿ ಇದೆ. ವ್ಯವಸ್ಥೆಯ ಸಾಮರ್ಥ್ಯವನ್ನಾಗಲಿ ಸ್ವರೂಪವನ್ನಾಗಲಿ ಬದಲಿಸುವ ಕೆಲಸಕ್ಕೆ ಮಾತ್ರ ಪರವಾನಗಿ ಬೇಕು. ದೀಪದ ತಂತಿಯಿಂದ ಕವಲು ತೆಗೆದು ಬಚ್ಚಲಿಗೆ ಗೀಸರ್ ಕೊಡುವುದು ಈ ಎರಡನೆಯ ಗುಂಪಿಗೆ ಸೇರಿದ್ದು. 2,000 ವಾಟಿನ ಗೀಸರ್ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ನಾಲ್ಕು ದೀಪಗಳಿಗೆಂದು ಎಳೆದ ಹಳೆಯ ತಂತಿ ಅದನ್ನು ಹೊರಲಾರದು. ನಮ್ಮ ಊರುಗಳಲ್ಲಿ ಯಾವ ಲೆಕ್ಕವೂ ಇಲ್ಲದೆ ನಡೆಯುವುದು ಹೆಚ್ಚಾಗಿ ಇಂಥ ಕೆಲಸವೇ.

ಕೆಲಸ ಮುಗಿದ ಮೇಲೆ ಗುತ್ತಿಗೆದಾರನು ಪರೀಕ್ಷಾ ವರದಿಗೆ ಸಹಿ ಮಾಡಿ ಕೊಡಬೇಕು. 500 ವೋಲ್ಟಿನ ಮೆಗ್ಗರ್ ಉಪಕರಣದಿಂದ ಒಂದು ನಿಮಿಷ ಪರೀಕ್ಷಿಸಿದಾಗ ತಂತಿಗೂ ಭೂಮಿಗೂ ನಡುವಿನ ನಿರೋಧ ಕನಿಷ್ಠ 1 ಮೆಗಾ ಓಮ್ ಇರಬೇಕೆಂಬುದು ನಿಯಮ. ಇದರ ಜೊತೆಗೆ ಭೂಸಂಪರ್ಕದ ನಿರೋಧವನ್ನೂ ಅಳೆಯಬೇಕು. ಮನೆಯ ಗೋಡೆಯೊಳಗೆ ಏನಿದೆಯೆಂದು ಹೇಳಬಲ್ಲವು ಈ ಎರಡು ಅಂಕಿಗಳೇ.

ಸಹಿಯ ವ್ಯಾಪಾರ

ಇಷ್ಟೆಲ್ಲ ಕಟ್ಟಳೆ ಇದ್ದೂ ಆಗುತ್ತಿರುವುದೇನು? ಕೆಲಸ ಮಾಡುವವನು ಒಬ್ಬ, ಸಹಿ ಮಾಡುವವನು ಇನ್ನೊಬ್ಬ. ಊರಿನ ಹುಡುಗ ವೈರಿಂಗ್ ಮಾಡಿ ಮುಗಿಸುತ್ತಾನೆ. ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಹಾಕುವಾಗ ಪೇಟೆಯಲ್ಲಿರುವ ಪರವಾನಗಿದಾರನಿಂದ ಇಂತಿಷ್ಟು ಕೊಟ್ಟು ಸಹಿ ತರುತ್ತಾರೆ. ಸಹಿ ಹಾಕಿದವನು ಆ ಮನೆಯ ಹೊಸ್ತಿಲು ತುಳಿದಿರುವುದಿಲ್ಲ. ವರದಿಯಲ್ಲಿ ಅಂಕಿಗಳು ಇರುತ್ತವೆ, ಆದರೆ ಅಳೆದವರು ಇಲ್ಲ.

ಇದರಲ್ಲಿ ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಲೆನಾಡಿನ ಒಂಟಿ ಮನೆಗೆ ಪೇಟೆಯಿಂದ ಗುತ್ತಿಗೆದಾರ ಬರಬೇಕಾದರೆ ಒಂದು ದಿನವೇ ಹೋಗುತ್ತದೆ. ಊರಿನ ಹುಡುಗನಿಗೆ ಕೆಲಸ ಗೊತ್ತು, ಕರೆದಾಗ ಬರುತ್ತಾನೆ, ಮಳೆಗಾಲದ ರಾತ್ರಿಯಲ್ಲೂ ಬರುತ್ತಾನೆ. ಅವನನ್ನು ದೂರ ಮಾಡಿರೆಂದು ನಾವು ಹೇಳುತ್ತಿಲ್ಲ. ಅವನು ಪರ್ಮಿಟ್ ಪಡೆಯುವಂತೆ ಪ್ರೋತ್ಸಾಹಿಸಿರಿ, ಅವನು ಮಾಡಿದ ಕೆಲಸವನ್ನು ಅಳೆದು ನೋಡುವ ಇನ್ನೊಂದು ಕಣ್ಣನ್ನು ಬರಮಾಡಿಕೊಳ್ಳಿರಿ ಎಂದಷ್ಟೇ ನಮ್ಮ ಸಲಹೆ. ಕಾನೂನು ಬಯಸುವುದೂ ಅದನ್ನೇ.

ಇನ್ನೊಂದು ಮಾತನ್ನು ಇಲ್ಲಿ ಗಮನಿಸಬೇಕು. ಮೀಟರಿನವರೆಗಿನ ತಂತಿ ಮತ್ತು ಉಪಕರಣ ಸರಬರಾಜು ಕಂಪನಿಯ ಹೊಣೆ. ಮೀಟರಿನಿಂದ ಈಚೆಗಿನದು ಬಳಕೆದಾರನ ಹೊಣೆ. ಅಪಘಾತವಾದರೆ 2003ರ ಕಾಯಿದೆಯ 161ನೆಯ ಕಲಮಿನ ಪ್ರಕಾರ ವಿದ್ಯುತ್ ಪರಿವೀಕ್ಷಕರು ಬಂದು ವಿಚಾರಣೆ ನಡೆಸಬಹುದು. ಆಗ ದೋಷ ಮನೆಯೊಳಗಿನದೆಂದು ಕಂಡುಬಂದರೆ, ಕೊಂಡುತಂದ ಸಹಿ ಯಾರನ್ನೂ ಕಾಪಾಡುವುದಿಲ್ಲ. ನಿಜವಾಗಿ ಪರೀಕ್ಷೆ ಮಾಡಿಸಿದವನ ಕೈಯಲ್ಲಿ ಮಾತ್ರ ತೋರಿಸಲು ಏನಾದರೂ ಇರುತ್ತದೆ.

ಎಂ.ಸಿ.ಬಿ. ಕಾಯುವುದು ತಂತಿಯನ್ನು

"ನಮ್ಮ ಮನೆಯಲ್ಲಿ ಎಂ.ಸಿ.ಬಿ. ಹಾಕಿಸಿದ್ದೇವೆ, ಹೆದರಿಕೆಯಿಲ್ಲ" ಎನ್ನುವ ಮಾತು ಸಾಮಾನ್ಯ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒದ್ದೆಯಾದ ಮೈಯ ನಿರೋಧ ಸುಮಾರು 1,000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟ್ ತಾಗಿದಾಗ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಆದರೆ 16 ಆಂಪಿಯರಿನ ಎಂ.ಸಿ.ಬಿ. ಎಂದರೆ 16,000 ಮಿಲಿ ಆಂಪಿಯರ್ ಹರಿಯುವವರೆಗೆ ಸುಮ್ಮನಿರುವ ಉಪಕರಣ. ತಂತಿ ಕಾದು ಬೆಂಕಿ ಹತ್ತದಂತೆ ಅದು ಕಾಯುತ್ತದೆ. ಮನುಷ್ಯನನ್ನು ಕಾಯುವುದು ಅದರ ಕೆಲಸವೇ ಅಲ್ಲ.

ಭೂಸಂಪರ್ಕ ಇದ್ದರೆ ಸಾಕಲ್ಲವೇ ಎಂದು ಕೇಳಬಹುದು. ಭೂಸಂಪರ್ಕ ಅತ್ಯಗತ್ಯ, ಆದರೆ ಅದೊಂದೇ ಸಾಲದು. ಭೂಸಂಪರ್ಕದ ನಿರೋಧ 10 ಓಮ್ ಇದೆಯೆನ್ನಿ. ಗೀಸರಿನ ಒಳಗೆ ಫೇಸ್ ತಂತಿ ಲೋಹದ ಮೈಗೆ ತಾಗಿದರೆ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. ಇಷ್ಟಕ್ಕೆ 16 ಆಂಪಿಯರಿನ ಎಂ.ಸಿ.ಬಿ. ಒಂದು ಗಂಟೆಯಾದರೂ ಬೀಳದೆ ಇರಬಹುದು. ಅಷ್ಟು ಹೊತ್ತೂ ಗೀಸರಿನ ಮೈ, ಅದಕ್ಕೆ ಸೇರಿದ ಲೋಹದ ನಲ್ಲಿ ಎಲ್ಲವೂ ಜೀವಂತ ತಂತಿಯೇ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಏಪ್ರಿಲ್, ಮೇ ತಿಂಗಳ ಒಣ ದಿನಗಳಲ್ಲಿ ನಿರೋಧ 10 ಓಮ್‌ಗಿಂತ ಎಷ್ಟೋ ಮೇಲೆ ಹೋಗಬಹುದು.

ಈ ಕೊರತೆಯನ್ನು ತುಂಬುವುದು ಸೋರಿಕೆ ರಕ್ಷಕ ಉಪಕರಣ. ಪೇಟೆಯಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಿದರೆ ಕೊಡುತ್ತಾರೆ, ಹಳಬರು ಇ.ಎಲ್.ಸಿ.ಬಿ. ಎನ್ನುತ್ತಾರೆ. ಫೇಸಿನಲ್ಲಿ ಹೋದಷ್ಟು ವಿದ್ಯುತ್ತು ನ್ಯೂಟ್ರಲಿನಲ್ಲಿ ಹಿಂದಿರುಗಿತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ಕಡಿಮೆಯಾದರೆ, ಅಂದರೆ ಅಷ್ಟು ನೆಲಕ್ಕೆ ಸೋರಿದರೆ, ಸರಬರಾಜನ್ನೇ ಕಡಿದುಹಾಕುತ್ತದೆ. 150 ಮಿಲಿ ಆಂಪಿಯರ್ ಸೋರಿದರೆ 0.04 ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಭೂಸಂಪರ್ಕದ ನಿರೋಧ 100 ಓಮ್‌ಗೆ ಏರಿದ್ದರೂ ಗೀಸರಿನ ದೋಷವನ್ನು ಅದು ಹಿಡಿಯುತ್ತದೆ. ಮನೆಗಳಿಗೆ 30 ಮಿಲಿ ಆಂಪಿಯರಿನದನ್ನೇ ಹಾಕಬೇಕೆಂದು ಸುರಕ್ಷತಾ ನಿಯಮಗಳು ಹೇಳುತ್ತವೆ. 2 ಕಿಲೋವಾಟಿಗಿಂತ ಕಡಿಮೆ ಹೊರೆಯ ಮನೆಗಳಿಗೆ ಮಾತ್ರ ಈ ಕಡ್ಡಾಯ ಇಲ್ಲ. ಕಡ್ಡಾಯವಿಲ್ಲವೆಂದ ಮಾತ್ರಕ್ಕೆ ಅಂಥ ಮನೆಯಲ್ಲಿ ಅಪಾಯವೂ ಇಲ್ಲವೆಂದಲ್ಲ.

ಮಳೆಗಾಲದಲ್ಲಿ ಇದು ಪದೇ ಪದೇ ಬೀಳುತ್ತದೆಯೆಂದು ಬೇಸತ್ತು ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸಿಕೊಳ್ಳುವವರಿದ್ದಾರೆ. ಇದು ಬೊಗಳಿತೆಂದು ಕಾವಲು ನಾಯಿಯನ್ನು ಓಡಿಸಿದ ಹಾಗೆ. ಉಪಕರಣ ಬೀಳುತ್ತಿದೆಯೆಂದರೆ ಎಲ್ಲೋ ತೇವ ಸೇರಿ ಸೋರಿಕೆಯಾಗುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕಿಸಬೇಕೇ ವಿನಾ ಉಪಕರಣವನ್ನು ಕೀಳಿಸಬಾರದು. ಆದರೂ ಒಂದು ಮಿತಿಯನ್ನು ನೆನಪಿಡಬೇಕು. ನೆಲದ ಸಂಪರ್ಕವಿಲ್ಲದೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಈ ಉಪಕರಣವೂ ಕಾಪಾಡಲಾರದು.

ಲೈನ್ ಮನೆಗಳ ಸ್ಥಿತಿ

ಯಜಮಾನರ ಮನೆಯಲ್ಲಿ ಎಲ್ಲವೂ ಸರಿಯಾಗಿದ್ದು, ಕಾಫಿ ತೋಟದ ಲೈನ್ ಮನೆಗಳಿಗೆ ಒಂದು ಎಳೆ ತಂತಿಯನ್ನು ಮರದಿಂದ ಮರಕ್ಕೆ ಕಟ್ಟಿ ಒಯ್ದಿರುವುದುಂಟು. ಒಂದೇ ದೀಪಕ್ಕೆಂದು ಕೊಟ್ಟ ಹಳೆಯ ಸಂಪರ್ಕಕ್ಕೆ ಇಂದು ಟಿ.ವಿ., ಮಿಕ್ಸಿ, ನೀರು ಕಾಯಿಸುವ ರಾಡು ಎಲ್ಲ ಸೇರಿರುತ್ತವೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾಡು ಇಳಿಸಿ, ನೀರು ಬಿಸಿಯಾಯಿತೇ ಎಂದು ಮಕ್ಕಳು ಕೈಯದ್ದಿ ನೋಡುವುದು ಅಲ್ಲಿಯೇ.

1951ರ ತೋಟ ಕಾರ್ಮಿಕರ ಕಾಯಿದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲಿಕರ ಮೇಲೆ ಇಟ್ಟಿತ್ತು. ಕಾನೂನಿನ ಮಾತು ಹಾಗಿರಲಿ, ನಮ್ಮ ಕಾಫಿ ಕೊಯ್ದು, ನಮ್ಮ ಮೆಣಸು ಇಳಿಸಿ ಮರಳುವವರು ಮಲಗುವ ಮನೆ ಅದು. ನಮ್ಮ ಬಚ್ಚಲಿಗೆ ಬೇಕಾದ ರಕ್ಷಣೆ ಅವರ ಬಚ್ಚಲಿಗೂ ಬೇಕು. ಪ್ರತಿ ಲೈನಿಗೆ ಒಂದು ಸರಿಯಾದ ಭೂಸಂಪರ್ಕ, ಪ್ರತಿ ಮನೆಗೆ ಒಂದು ಸೋರಿಕೆ ರಕ್ಷಕ ಹಾಕಿಸುವುದು ತೋಟದ ಖರ್ಚಿನಲ್ಲಿ ದೊಡ್ಡ ಬಾಬತ್ತೇನೂ ಅಲ್ಲ.

ಜನರೇಟರ್ ಮತ್ತು ತಂತಿಯ ಕೆಳಗಿನ ಕಟ್ಟಡ

ವಾರಗಟ್ಟಲೆ ಕರೆಂಟ್ ಇಲ್ಲದ ಮಳೆಗಾಲದಲ್ಲಿ ಜನರೇಟರ್ ಇಟ್ಟುಕೊಳ್ಳದ ತೋಟವಿಲ್ಲ. ಅದನ್ನು ಮನೆಯ ಪ್ಲಗ್ಗಿಗೇ ಚುಚ್ಚಿ ನಡೆಸುವ ರೂಢಿ ಬಹು ಅಪಾಯಕರ. ಮೇನ್ ಸ್ವಿಚ್ ತೆಗೆಯಲು ಮರೆತರೆ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟಿನವರೆಗೆ ಏರಿ, ಎಲ್ಲೋ ಕಂಬದ ಮೇಲೆ ಬಿದ್ದ ತಂತಿ ಜೋಡಿಸುತ್ತಿರುವ ಲೈನ್‌ಮನ್‌ನನ್ನು ಕೊಲ್ಲುತ್ತದೆ. ಒಂದು ಕಡೆ ಸೇರಿದಾಗ ಇನ್ನೊಂದು ಕಡೆ ತಾನಾಗಿ ಬಿಡುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸಲೇಬಾರದು.

ಅಡಿಕೆ ಒಣಗಿಸುವ ಮನೆ, ಗೋದಾಮು, ಮಾಡಿನ ವಿಸ್ತರಣೆ ಇವನ್ನು ಕಟ್ಟುವಾಗಲೂ ಮೇಲೆ ನೋಡಬೇಕು. ಸಾಮಾನ್ಯ ಮನೆ ಲೈನಿಗೂ ಕಟ್ಟಡಕ್ಕೂ ಮೇಲ್ಮುಖವಾಗಿ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಬೇಕು. 11,000 ವೋಲ್ಟಿನ ಲೈನಾದರೆ ಮೇಲ್ಮುಖ ಅಂತರ 3.7 ಮೀಟರ್. ಲೈನಿನ ಹತ್ತಿರ ಕಟ್ಟುವ ಮೊದಲು ಸರಬರಾಜು ಕಂಪನಿಗೆ ಲಿಖಿತವಾಗಿ ತಿಳಿಸಬೇಕೆಂದೂ ನಿಯಮವಿದೆ. ಕಟ್ಟಿದ ಮೇಲೆ ಲೈನ್ ಸರಿಸಲು ಓಡಾಡುವುದಕ್ಕಿಂತ ಮೊದಲೇ ಒಂದು ಅರ್ಜಿ ಬರೆಯುವುದು ಲೇಸು.

ಬೆಳೆಗಾರರು ಮಾಡಬೇಕಾದುದು

ಮನೆಗಳಂಥ ಚಿಕ್ಕ ಸಂಪರ್ಕಗಳನ್ನು ಮಾಲಿಕನೇ ಪರೀಕ್ಷೆ ಮಾಡಿಸಿ ಸ್ವಯಂ ದೃಢೀಕರಿಸುವ ಪದ್ಧತಿ ಇಂದಿನ ನಿಯಮಗಳಲ್ಲಿದೆ. ಸರ್ಕಾರದವರು ಬಂದು ನೋಡುತ್ತಾರೆಂದು ಕಾದು ಕುಳಿತರೆ ಆಗದು. ಆದ್ದರಿಂದ ಸದಸ್ಯರು ಈ ಕೆಳಗಿನ ಸಂಗತಿಗಳನ್ನು ಗಮನಿಸಬೇಕಾಗಿ ಕೋರುತ್ತೇವೆ.

1. ವೈರಿಂಗ್ ಮಾಡಿಸುವ ಮೊದಲು ಗುತ್ತಿಗೆದಾರನ ಪರವಾನಗಿ ಪತ್ರವನ್ನು ಕಣ್ಣಾರೆ ನೋಡಿರಿ. ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿರಿ.

2. ಗಾರೆ ಮೆತ್ತುವ ಮೊದಲು ಪೈಪು ಹೋದ ದಾರಿಯ ಚಿತ್ರ ತೆಗೆದಿಡಿರಿ. ಹಸಿರು ಬಣ್ಣದ ಭೂಸಂಪರ್ಕದ ತಂತಿ ಪ್ರತಿಯೊಂದು ಪ್ಲಗ್ಗಿನವರೆಗೂ ಹೋಗಿದೆಯೇ ನೋಡಿರಿ.

3. ಭೂಸಂಪರ್ಕದ ಪೈಪು 2.5 ಮೀಟರಿಗೆ ಕಡಿಮೆ ಇರಬಾರದು, ಕಟ್ಟಡದಿಂದ 1.5 ಮೀಟರ್ ದೂರವಿರಲಿ. ನೀರಿನ ಕೊಳವೆಯನ್ನು ಭೂಸಂಪರ್ಕವಾಗಿ ಬಳಸಲೇಬಾರದು.

4. ತಂತಿ, ಸ್ವಿಚ್, ಎಂ.ಸಿ.ಬಿ. ಕೊಳ್ಳುವಾಗ ಐ.ಎಸ್.ಐ. ಗುರುತು ಇಲ್ಲದ್ದನ್ನು ಮುಟ್ಟಬೇಡಿರಿ.

5. ಮೆಗ್ಗರ್ ಮತ್ತು ಭೂಸಂಪರ್ಕದ ಅಳತೆಯನ್ನು ತಮ್ಮ ಕಣ್ಣೆದುರೇ ಮಾಡಿಸಿ, ಅಂಕಿಗಳನ್ನು ದಿನಾಂಕ ಸಹಿತ ಬರೆಸಿಕೊಳ್ಳಿರಿ. ಭೂಸಂಪರ್ಕವನ್ನು ಬೇಸಗೆಯಲ್ಲಿ ಇನ್ನೊಮ್ಮೆ ಅಳೆಸಿರಿ.

6. ಸೋರಿಕೆ ರಕ್ಷಕದ ಮೇಲೆ ಪರೀಕ್ಷಾ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿರಿ. ಒತ್ತಿದಾಗ ಬೀಳದಿದ್ದರೆ ಅದು ಗೋಡೆಯ ಅಲಂಕಾರ ಮಾತ್ರ.

ಒಂದೊಂದು ಮನೆಗೆ ಗುತ್ತಿಗೆದಾರನನ್ನು ಕರೆಸುವುದು ದುಬಾರಿಯೆಂಬ ಮಾತನ್ನು ನಾವು ಒಪ್ಪುತ್ತೇವೆ. ಅದಕ್ಕೆ ಸಹಕಾರದಲ್ಲೇ ಉತ್ತರವಿದೆ. ಔಷಧ ಸಿಂಪಡಿಸುವವರನ್ನು ಒಂದು ಊರಿಗೆ ಒಟ್ಟಾಗಿ ಗೊತ್ತುಮಾಡುವಂತೆ, ಹತ್ತು ಹದಿನೈದು ಮನೆಯವರು ಸೇರಿ ಪರವಾನಗಿದಾರನೊಬ್ಬನನ್ನು ಉಪಕರಣ ಸಮೇತ ಒಂದು ದಿನಕ್ಕೆ ಕರೆಸಿ, ಖರ್ಚನ್ನು ಹಂಚಿಕೊಳ್ಳಬಹುದು. ಊರಿನ ವೈರಿಂಗ್ ಹುಡುಗನೂ ಆ ದಿನ ಜೊತೆಯಲ್ಲಿರಲಿ. ಅಳೆಯುವುದನ್ನು ನೋಡಿ ಅವನೂ ಕಲಿಯುತ್ತಾನೆ. ಲೈನ್ ಮನೆಗಳನ್ನು ಪಟ್ಟಿಯ ಕೊನೆಗೆ ಹಾಕದೆ ಮೊದಲಿಗೇ ಇಟ್ಟುಕೊಳ್ಳಿರಿ.

ತೋಟದ ಕೆಲಸಗಳ ನಡುವೆ ಇದಕ್ಕೊಂದು ದಿನ ಬಿಡುವು ಮಾಡಿಕೊಳ್ಳುವುದು ಕಷ್ಟವಲ್ಲ. ಬರುವ ಮುಂಗಾರಿಗೆ ಮುನ್ನ ನಮ್ಮ ಪ್ರತಿ ಸದಸ್ಯರ ಮನೆಯಲ್ಲೂ ನಿಜವಾಗಿ ಅಳೆದ ಅಂಕಿಗಳ ಒಂದು ಹಾಳೆ ಇರುವಂತಾಗಲಿ.