ಮನೆಯಲ್ಲಿ ಕಟ್ಟಿದ ವಿಮಾನ ಎಷ್ಟು ಕ್ಷೇಮ?

ಯಲಹಂಕ ವಾಯುನೆಲೆಯ ಮಗ್ಗುಲಲ್ಲಿರುವ ಹುಣಸಮಾರನಹಳ್ಳಿಯವರಿಗೆ ವಿಮಾನಗಳ ಆರ್ಭಟ ಹೊಸದಲ್ಲ. ವೈಮಾನಿಕ ಪ್ರದರ್ಶನದ ದಿನಗಳಲ್ಲಿ ಅಲ್ಲಿಯ ಬಾಲಕನೊಬ್ಬನು ತಲೆಯೆತ್ತಿ ನೋಡುತ್ತ, “ನಾವೇ ಒಂದು ವಿಮಾನವನ್ನು ಕಟ್ಟಿ ಏಕೆ ಹಾರಬಾರದು?” ಎಂದು ಕೇಳಿದರೆ ಅದು ಹುಚ್ಚು ಮಾತೇನಲ್ಲ. ಅಮೆರಿಕದಲ್ಲಿ ಸಾವಿರಾರು ಹವ್ಯಾಸಿಗಳು ಹಾಗೆ ಕಟ್ಟಿ ಹಾರಿದ್ದಾರೆ. ಆದರೆ ಆ ವಿಮಾನಗಳು ಎಷ್ಟರಮಟ್ಟಿಗೆ ಸುರಕ್ಷಿತ?

ಇಂಥದೊಂದು ವಿಮಾನವನ್ನು ಬೆಂಗಳೂರೂ ಕಂಡಿದೆ. ಅಮೆರಿಕದ ಬರ್ಟ್ ರೂಟನ್ ಹವ್ಯಾಸಿಗಳಿಗೆಂದೇ ರೂಪಿಸಿದ ‘ಲಾಂಗ್ ಈಜಿ’ಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿಯ ಎನ್.ಎ.ಎಲ್. ಪ್ರಯೋಗಾಲಯವು 1980ರ ದಶಕದಲ್ಲಿ ಹಗುರವಾದ ಸಂಶೋಧನಾ ವಿಮಾನವೊಂದನ್ನು ನಿರ್ಮಿಸಿತು. ಲಾಂಗ್ ಈಜಿಯ ಮೂಗಿನ ಬಳಿ ಒಂದು ಕಿರುರೆಕ್ಕೆಯುಂಟು. ವಿಮಾನವು ಮೂಗನ್ನು ಮಿತಿಮೀರಿ ಎತ್ತಿದರೆ ಮೊದಲು ಆ ಕಿರುರೆಕ್ಕೆಯೇ ಎತ್ತುವ ಬಲವನ್ನು ಕಳೆದುಕೊಳ್ಳುತ್ತದೆ. ಮೂಗು ತಾನಾಗಿ ಇಳಿಯುತ್ತದೆ. ದೊಡ್ಡ ರೆಕ್ಕೆಯ ಬಲ ಉಳಿಯುತ್ತದೆ. ವಿನ್ಯಾಸವು ಇಷ್ಟು ಜಾಣತನದ್ದು.

ಆದರೂ 1997ರ ಅಕ್ಟೋಬರ್ 12ರಂದು ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಲಾಂಗ್ ಈಜಿಯಲ್ಲಿಯೇ ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದು ಮಡಿದನು. ಇಂಧನದ ತೊಟ್ಟಿಯನ್ನು ಬದಲಿಸುವ ಹಿಡಿಯು ಮೂಲ ನಕ್ಷೆಯಂತೆ ಚಾಲಕನ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವನು ಅದನ್ನು ಎಡಭುಜದ ಹಿಂದೆ ಇರಿಸಿದ್ದನು. ಡೆನ್ವರ್ ಅದನ್ನು ತಿರುಗಿಸಲು ಮೈಹೊರಳಿಸಿದಾಗ, ಅರಿವಿಲ್ಲದೆ ಚುಕ್ಕಾಣಿಯ ಬಲ ಪೆಡಲನ್ನು ಒತ್ತಿರಬೇಕೆಂದು ತನಿಖೆ ನಿರ್ಣಯಿಸಿತು. ಕಟ್ಟಿದವನೊಬ್ಬ, ಕೊಂಡು ಹಾರಿಸಿದವನೊಬ್ಬ! ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಇಲ್ಲಿ ತಲೆಕೆಳಗಾಯಿತು.

ಇದು ಒಂಟಿ ಪ್ರಸಂಗವಲ್ಲ. 2011ರಲ್ಲಿ ಅಮೆರಿಕದ ಖಾಸಗಿ ಮತ್ತು ಹವ್ಯಾಸಿ ವಿಮಾನಗಳಲ್ಲಿ ಹವ್ಯಾಸಿಗಳು ಕಟ್ಟಿದವು ನೂರಕ್ಕೆ ಸುಮಾರು 10 ಮಾತ್ರ. ಸಾವು ತಂದ ಅಪಘಾತಗಳಲ್ಲಿ ಅವುಗಳ ಪಾಲು ನೂರಕ್ಕೆ 21. ಎಂಜಿನ್ನು ನಿಲ್ಲುವುದು, ಹಾರಾಟದಲ್ಲಿ ಹತೋಟಿ ತಪ್ಪುವುದು ಇವೇ ಮುಖ್ಯ ಕಾರಣಗಳು. ಆ ವರ್ಷದ 224 ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೇರೆಯವರಿಂದ ಕೊಂಡ ವಿಮಾನಗಳವು. 14 ಅಪಘಾತಗಳಂತೂ ಹೊಸ ಒಡೆಯನ ಮೊದಲ ಹಾರಾಟದಲ್ಲಿಯೇ ಒದಗಿದವು.

ಇದರ ತಾತ್ಪರ್ಯವು ಸ್ಪಷ್ಟವಾಗಿದೆ. ಹವ್ಯಾಸಿಯ ವಿಮಾನವೊಂದು ಮತ್ತೊಂದರಂತಿರುವುದಿಲ್ಲ. ಪ್ರತಿಯೊಂದರ ಗುಣದೋಷಗಳನ್ನೂ ಹೊಸದಾಗಿ ಅರಿಯಬೇಕು. ಆದುದರಿಂದಲೇ ಅಲ್ಲಿ ಹೊಸದಾಗಿ ಕಟ್ಟಿದ ವಿಮಾನವನ್ನು ಸಾಮಾನ್ಯವಾಗಿ 25ರಿಂದ 40 ಗಂಟೆಗಳ ಕಾಲ ಗೊತ್ತುಪಡಿಸಿದ ಪ್ರದೇಶದಲ್ಲಿ ಮಾತ್ರ ಹಾರಿಸಿ ಪರೀಕ್ಷಿಸಬೇಕೆಂಬ ನಿಯಮವಿದೆ. ವಿಮಾನ ಪರೀಕ್ಷೆಯಲ್ಲಿ ಗೆದ್ದರೆ ಸಾಲದು. ಅದನ್ನೇರುವ ಪ್ರತಿಯೊಬ್ಬ ಹೊಸ ಚಾಲಕನೂ ಅದರ ವಿದ್ಯಾರ್ಥಿಯಾಗಬೇಕು. ಹುಣಸಮಾರನಹಳ್ಳಿಯ ಆ ಬಾಲಕನು ವಿಮಾನವನ್ನು ಕಟ್ಟಲಿ. ಆದರೆ ಏರುವ ಮುನ್ನ ಕಲಿಯಲಿ.