ಎಚ್‌ಪಿ ಜಾಸ್ತಿ ಇರುವ ಕಾರಿಗೆ ನಂಬರ್ ಜಾಸ್ತಿ ಇರುವ ಗೇರ್ ಆಯಿಲ್ ಹಾಕಬೇಕೇ?

ನಿಮ್ಮ ಗ್ರೂಪಿಗೂ ಇಂಥದ್ದೊಂದು ಸಲಹೆ ಬಂದಿರಬಹುದು. ಗಾಡಿಯ ಎಚ್‌ಪಿ ಜಾಸ್ತಿ ಇದ್ದರೆ ಗೇರ್‌ಬಾಕ್ಸಿಗೆ ದಪ್ಪ ಎಣ್ಣೆ ಹಾಕಿ, ಜಿಎಲ್-4 ಬದಲು ಜಿಎಲ್-5 ಹಾಕಿ, ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ, ಗೇರ್‌ಬಾಕ್ಸ್ ಜೀವಮಾನಪೂರ್ತಿ ಬಾಳುತ್ತದೆ ಎನ್ನುವ ಸಲಹೆ. ಕೇಳಲು ಸರಿಯೆನಿಸುತ್ತದೆ. ನಾಲ್ಕಕ್ಕಿಂತ ಐದು ದೊಡ್ಡದು, ದೊಡ್ಡ ಎಂಜಿನ್ನಿಗೆ ದೊಡ್ಡ ನಂಬರ್ ಬೇಕು, ಇಷ್ಟೇ ಲೆಕ್ಕ. ಆದರೆ ಈ ಲೆಕ್ಕ ತಪ್ಪು. ಇದನ್ನು ನಂಬಿ ಎಣ್ಣೆ ಬದಲಿಸಿದರೆ ಹಾಳಾಗುವುದು ಗೇರ್‌ಬಾಕ್ಸ್ ಬಿಚ್ಚದೆ ಬದಲಿಸಲಾಗದ ಭಾಗ.

ಚನ್ನಗಿರಿ, ಹೊನ್ನಾಳಿ ಕಡೆ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಮನೆ ಮುಂದೆ ಹೊಸ ಸ್ಕಾರ್ಪಿಯೊ-ಎನ್ ಅಥವಾ ಥಾರ್ ಬಂದು ನಿಲ್ಲುತ್ತದೆ. ಅದರ ಪಕ್ಕದಲ್ಲೇ ಅಡಿಕೆ ಮೂಟೆ ಸಾಗಿಸುವ ಪಿಕಪ್, ಶೆಡ್ಡಿನಲ್ಲಿ 45-50 ಎಚ್‌ಪಿ ಟ್ರ್ಯಾಕ್ಟರ್, ಮೂಲೆಯಲ್ಲಿ ಅರ್ಧ ಖಾಲಿಯಾದ ಗೇರ್ ಆಯಿಲ್ ಬಕೆಟ್. ಟ್ರ್ಯಾಕ್ಟರಿಗೆ ಆಗುವುದು ಕಾರಿಗೆ ಆಗದೇ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಎಚ್‌ಪಿ ಅಲ್ಲ, ಟಾರ್ಕ್

ಮೊದಲಿಗೆ ಗೇರ್‌ಬಾಕ್ಸಿಗೆ ಎಚ್‌ಪಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಟಾರ್ಕ್, ಅಂದರೆ ಶಾಫ್ಟನ್ನು ತಿರುಚುವ ಬಲ. ಆ ಬಲಕ್ಕೆ ವೇಗ ಸೇರಿದರೆ ಎಚ್‌ಪಿ. ಇಂದಿನ ಸ್ವಿಫ್ಟ್ ಎಂಜಿನ್ ಸುಮಾರು 80 ಎಚ್‌ಪಿಯದು, ಟಾರ್ಕ್ ಮಾತ್ರ ಸುಮಾರು 112 ನ್ಯೂಟನ್ ಮೀಟರ್. 50 ಎಚ್‌ಪಿ ಟ್ರ್ಯಾಕ್ಟರ್ ನಿಧಾನವಾಗಿ ತಿರುಗುತ್ತಲೇ 170ಕ್ಕಿಂತ ಹೆಚ್ಚು ಕೊಡುತ್ತದೆ. ಕಡಿಮೆ ಎಚ್‌ಪಿಯ ಗಾಡಿಯೇ ಗೇರ್ ಹಲ್ಲುಗಳ ಮೇಲೆ ಹೆಚ್ಚು ಭಾರ ಹಾಕುತ್ತಿದೆ! ಸ್ಕಾರ್ಪಿಯೊ-ಎನ್‌ನ ದೊಡ್ಡ ಡೀಸೆಲ್ ಎಂಜಿನ್ ಸುಮಾರು 172 ಎಚ್‌ಪಿಯದು, ಮ್ಯಾನುಯಲ್ ಗೇರ್ ಇರುವ ಗಾಡಿಯಲ್ಲಿ ಟಾರ್ಕ್ 370 ನ್ಯೂಟನ್ ಮೀಟರ್. ಮೊದಲ ಗೇರಿನಲ್ಲಿ ಇದು ಮೂರೂವರೆ, ನಾಲ್ಕು ಪಟ್ಟಾಗಿ ಹೊರಬರುತ್ತದೆ.

ಇಷ್ಟು ಬಲ ಬಿದ್ದಾಗ ಎಣ್ಣೆಗೆ ಕಷ್ಟವಾಗುವುದು ಎರಡು ಕಡೆ. ಹಲ್ಲಿಗೆ ಹಲ್ಲು ಒತ್ತುವ ಜಾಗದಲ್ಲಿ ಒತ್ತಡ ಹೆಚ್ಚುತ್ತದೆ. ಜೊತೆಗೆ ಬಿಸಿ. ಗೇರ್‌ಬಾಕ್ಸ್ ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ ಮೂರು-ನಾಲ್ಕು ಪಾಲನ್ನು ಬಿಸಿಯಾಗಿ ಕಳೆಯುತ್ತದೆ ಎಂದಿಟ್ಟುಕೊಂಡರೆ, 172 ಎಚ್‌ಪಿ ಪೂರ್ತಿ ಬಳಸಿದಾಗ ಸುಮಾರು 4-5 ಕಿಲೋವಾಟ್. ಬಚ್ಚಲುಮನೆಯ ಎರಡು ಗೀಸರ್‌ಗಳು ಒಟ್ಟಿಗೆ ಉರಿದಷ್ಟು ಬಿಸಿ, ಒಂದೆರಡು ಲೀಟರ್ ಎಣ್ಣೆಗೆ.

ಆದರೆ ಪೂರ್ತಿ 172 ಎಚ್‌ಪಿ ನೀವು ಯಾವಾಗ ಬಳಸುತ್ತೀರಿ? ಚನ್ನಗಿರಿಯಿಂದ ದಾವಣಗೆರೆಗೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಹೋಗಲು ಅಷ್ಟು ದೊಡ್ಡ ಗಾಡಿಗೂ ಬೇಕಾಗುವುದು 20-25 ಎಚ್‌ಪಿ. ಗಾಳಿ ತಡೆ, ಟೈರಿನ ತಡೆ ಎರಡೂ ಸೇರಿ ಅಷ್ಟೇ. ಉಳಿದದ್ದು ಓವರ್‌ಟೇಕ್ ಮಾಡುವ ಕೆಲವು ಕ್ಷಣಗಳಿಗೆ, ಘಾಟಿ ಏರಿಗೆ, ಹಿಂದೆ ಟ್ರೈಲರ್ ಎಳೆಯುವವರಿಗೆ. ಹಾಗಾಗಿ ಪವರ್ ಜಾಸ್ತಿ ಎಂಬ ಒಂದೇ ಕಾರಣಕ್ಕೆ ಎಣ್ಣೆಯ ಜಾತಿಯನ್ನೇ ಬದಲಿಸುವ ಅಗತ್ಯ ರಸ್ತೆಯ ಮೇಲೆ ಓಡುವ ಕಾರಿಗೆ ಬರುವುದಿಲ್ಲ. ಕಂಪನಿಯವರು ಆ 370ನ್ನು ಲೆಕ್ಕ ಹಾಕಿಯೇ ಎಣ್ಣೆಯನ್ನು ಬರೆದಿರುತ್ತಾರೆ.

ಜಾರಬೇಕು, ಹಿಡಿಯಲೂಬೇಕು

ಮ್ಯಾನುಯಲ್ ಗೇರ್‌ಬಾಕ್ಸಿನ ಎಣ್ಣೆಗೆ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳಿವೆ. ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಗೇರ್ ಹಲ್ಲುಗಳ ನಡುವೆ ಎಣ್ಣೆ ಜಾರಿಸಬೇಕು. ಆದರೆ ನೀವು ಎರಡರಿಂದ ಮೂರಕ್ಕೆ ಗೇರ್ ಹಾಕುವಾಗ ಒಳಗೆ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳು ಒಂದೇ ವೇಗಕ್ಕೆ ಬರಬೇಕು. ಅದನ್ನು ಮಾಡುವುದು ಸಿಂಕ್ರೊನೈಸರ್ ರಿಂಗ್, ಮೆಕ್ಯಾನಿಕ್ ಬಾಯಲ್ಲಿ ಸಿಂಕ್ರೋ ರಿಂಗ್. ಅದೊಂದು ಪುಟ್ಟ ಬ್ರೇಕ್ ಇದ್ದ ಹಾಗೆ. ಕೋನಿನ ಆಕಾರದ ಉಕ್ಕಿನ ಮೈಗೆ ಉಜ್ಜಿ, ಹಿಡಿದು, ವೇಗ ಸಮ ಮಾಡುತ್ತದೆ. ಹಿಡಿಯಲು ಉಜ್ಜಾಟ ಬೇಕು. ರಿಂಗಿನ ಒಳಮೈಯಲ್ಲಿರುವ ಸಣ್ಣ ಗೀರುಗಳು ಎಣ್ಣೆಯ ಪದರವನ್ನು ಕತ್ತರಿಸಿ ಲೋಹಕ್ಕೆ ಲೋಹ ತಾಗಿಸುತ್ತವೆ. ಎಣ್ಣೆ ಅತಿಯಾಗಿ ಜಾರಿದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಡಿಕೆ ಮರ ಹತ್ತಿದ ಹಾಗೆ, ರಿಂಗ್ ಹಿಡಿಯುವುದೇ ಇಲ್ಲ. ಆಗ ಕೇಳುವುದೇ 'ಕರ್' ಎಂಬ ಶಬ್ದ.

ಅನೇಕ ಕಾರುಗಳಲ್ಲಿ ಈ ರಿಂಗ್ ಹಿತ್ತಾಳೆಯದು. ಕೆಲವು ಹೊಸ ಗಾಡಿಗಳಲ್ಲಿ ಅದರ ಮೇಲೆ ಕಾರ್ಬನ್ ಅಥವಾ ಮಾಲಿಬ್ಡಿನಂ ಲೇಪ ಇರುತ್ತದೆ.

ಈಗ ಜಿಎಲ್-4, ಜಿಎಲ್-5 ಏನೆಂದು ನೋಡೋಣ. ಇವು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಮಾಡಿದ ವರ್ಗಗಳು. ಪರೀಕ್ಷೆಯ ಅಂಕಗಳಲ್ಲ, ಯಾವ ಕೆಲಸಕ್ಕೆ ಎಂಬ ಗುರುತುಗಳು. ಜಿಎಲ್-5 ಎಂಬುದು ಹೈಪಾಯ್ಡ್ ಗೇರಿಗೆ. ಪಿಕಪ್, ಬೊಲೆರೊ, ಸ್ಕಾರ್ಪಿಯೊ ಥರದ ಗಾಡಿಯ ಹಿಂದಿನ ಹೌಸಿಂಗ್ ಒಳಗೆ ಕ್ರೌನ್ ವೀಲ್, ಪಿನಿಯನ್ ಇರುತ್ತವಲ್ಲ, ಅದೇ. ಅಲ್ಲಿ ಹಲ್ಲುಗಳು ಬರೀ ಉರುಳುವುದಿಲ್ಲ, ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರಿಕೊಂಡು ಹೋಗುತ್ತವೆ. ಎಣ್ಣೆಯ ಪದರ ಹರಿದುಹೋಗುವಷ್ಟು ಒತ್ತಡ. ಹಾಗಾಗಿ ಈ ಎಣ್ಣೆಯಲ್ಲಿ ಗಂಧಕ, ರಂಜಕ ಇರುವ ರಾಸಾಯನಿಕಗಳನ್ನು ಹೆಚ್ಚು ಬೆರೆಸುತ್ತಾರೆ. ಬಿಸಿ, ಒತ್ತಡಕ್ಕೆ ಅವು ಉಕ್ಕಿನ ಮೈಯೊಂದಿಗೆ ಸೇರಿ ತೆಳು ಪದರ ಕಟ್ಟುತ್ತವೆ. ಹಲ್ಲಿನ ಬದಲು ಆ ಪದರ ಸವೆಯುತ್ತದೆ. ಗೇರ್ ಆಯಿಲ್ ಡಬ್ಬ ತೆರೆದಾಗ ಮೂಗಿಗೆ ಹೊಡೆಯುವ ಆ ಕೆಟ್ಟ ವಾಸನೆ ಗಂಧಕದ್ದು. ಜಿಎಲ್-4ರಲ್ಲಿ ಇವುಗಳ ಪ್ರಮಾಣ ಸಾಮಾನ್ಯವಾಗಿ ಅದರ ಅರ್ಧದಷ್ಟು.

ಉಕ್ಕಿಗೆ ಒಳ್ಳೆಯದಾದ ಈ ಗಂಧಕ ಹಿತ್ತಾಳೆಗೆ ಆಗಿಬರುವುದಿಲ್ಲ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಬೇಡಿ ಎಂದು ಅಜ್ಜಿ ಬೈಯುತ್ತಿದ್ದದ್ದು ನೆನಪಿದೆಯೇ? ಅಲ್ಲಿ ಹುಳಿ ಮಾಡುವ ಕೆಲಸವನ್ನು ಇಲ್ಲಿ ಗಂಧಕ ಮಾಡುತ್ತದೆ. ಹಿತ್ತಾಳೆಯಲ್ಲಿರುವ ತಾಮ್ರದ ಜೊತೆ ಸೇರುತ್ತದೆ, ಪ್ರತಿ ಸಲ ಗೇರ್ ಹಾಕಿದಾಗ ರಿಂಗಿನ ಮೈ ಒಂದಿಷ್ಟು ಉದುರುತ್ತದೆ. ಒಂದೇ ದಿನದಲ್ಲಿ ಅಲ್ಲ. ಹಾಕಿದ ಮೊದಲ ವಾರ ಗೇರ್ ನಿಜಕ್ಕೂ ನಯವಾಗಿ ಬೀಳಬಹುದು, ಫಾರ್ವರ್ಡ್ ಮಾಡಿದವರು ಸುಳ್ಳು ಹೇಳಿರಲಿಕ್ಕಿಲ್ಲ! ಸಾವಿರಾರು ಕಿಲೋಮೀಟರ್ ಆದ ಮೇಲೆ ಎರಡನೇ ಗೇರ್ ಕಿರುಚಲು ಶುರುಮಾಡುತ್ತದೆ, ಆ ಹೊತ್ತಿಗೆ ಎಣ್ಣೆ ಬದಲಿಸಿದ್ದೇ ಮರೆತಿರುತ್ತದೆ.

ಈಗಿನ ಜಿಎಲ್-5 ಎಣ್ಣೆಗಳು ಹಿಂದಿನಷ್ಟು ಕೆಟ್ಟವಲ್ಲ. ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಬಣ್ಣ ಎಷ್ಟು ಬದಲಾಯಿತು ಎಂದು ನೋಡುವ ಪರೀಕ್ಷೆಯಿದೆ, ಅದರಲ್ಲಿ ಪಾಸಾಗುವಂಥವೇ ಹೆಚ್ಚು. ಕೆಲವು ಡಬ್ಬಗಳ ಮೇಲೆ ಜಿಎಲ್-4, ಜಿಎಲ್-5 ಎರಡೂ ಇರುತ್ತವೆ. ಕೆಲವು ಕಂಪನಿಗಳು ತಮ್ಮ ಗೇರ್‌ಬಾಕ್ಸಿಗೆ ಜಿಎಲ್-5 ಎಂದೇ ಬರೆದಿರುವುದೂ ಉಂಟು. ಅಂಥ ಗಾಡಿಗೆ ಅದೇ ಸರಿ. ಆದರೆ ಜಿಎಲ್-4 ಎಂದು ಬರೆದಿರುವ ಕಡೆ ಬರೀ ಜಿಎಲ್-5 ಹಾಕಿದರೆ, ಹಿತ್ತಾಳೆ ಉಳಿದರೂ ರಿಂಗಿಗೆ ಬೇಕಾದ ಹಿಡಿತ ಕಡಿಮೆಯಾಗುವ ತೊಂದರೆ ಉಳಿಯುತ್ತದೆ.

90 ನಂಬರ್ ಅಂದರೆ 40ಕ್ಕಿಂತ ಎರಡು ಪಟ್ಟು ದಪ್ಪವೇ?

ಅಲ್ಲ. ಎಂಜಿನ್ ಆಯಿಲಿಗೂ ಗೇರ್ ಆಯಿಲಿಗೂ ಅಳತೆಪಟ್ಟಿ ಬೇರೆ. 100 ಡಿಗ್ರಿ ಬಿಸಿಯಲ್ಲಿ 15ಡಬ್ಲ್ಯೂ-40 ಎಂಜಿನ್ ಆಯಿಲಿನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರಬೇಕು. 90 ನಂಬರ್ ಗೇರ್ ಆಯಿಲಿನದು 13.5ರಿಂದ 18.5. ಹೆಚ್ಚುಕಡಿಮೆ ಒಂದೇ! 140 ನಂಬರ್ ಎಣ್ಣೆ ಮಾತ್ರ 24ರ ಮೇಲೆ, ಅದು ನಿಜಕ್ಕೂ ದಪ್ಪ.

ಇಂದಿನ ಹಲವು ಕಾರುಗಳಿಗೆ 75ಡಬ್ಲ್ಯೂ-80 ಅಥವಾ 75ಡಬ್ಲ್ಯೂ-90 ಎಂದು ಬರೆದಿರುತ್ತದೆ. ಕೆಲವು ಕಾರುಗಳಿಗೆ ಕಂಪನಿಯದೇ ತೆಳ್ಳನೆಯ ಟ್ರಾನ್ಸ್‌ಮಿಷನ್ ಎಣ್ಣೆ ಬೇಕು. 'ಡಬ್ಲ್ಯೂ' ಮೊದಲಿನ ಅಂಕಿ ಚಳಿಯ ಲೆಕ್ಕ. 75ಡಬ್ಲ್ಯೂ ಎಣ್ಣೆ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹರಿಯಬೇಕು ಎಂಬುದು ನಿಯಮ. ನಮ್ಮಲ್ಲಿ ಅಂಥ ಚಳಿ ಎಲ್ಲಿ ಬಂತು ಎನ್ನಬಹುದು. ನಿಜ, ಆದರೆ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಯಲ್ಲೂ ದಪ್ಪ ಎಣ್ಣೆಯ ಪದರವನ್ನು ರಿಂಗ್ ಬೇಗ ಕತ್ತರಿಸಲಾರದು. ಗಾಡಿ ಬಿಸಿಯಾಗುವವರೆಗೆ ಗೇರ್ ಬಿಗಿ ಬಿಗಿ. ಗೇರ್ ಬಿಗಿಯಾಯಿತೆಂದು ಇನ್ನೂ ದಪ್ಪ ಎಣ್ಣೆ ಹಾಕಿದರೆ ಇನ್ನೂ ಬಿಗಿ, ಅಷ್ಟೇ.

ರ‍್ಯಾಲಿ ಕಾರಿನವರು ಹಾಕುತ್ತಾರಲ್ಲ?

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನೋಡಿ ಬಂದವರು ಈ ಪ್ರಶ್ನೆ ಎತ್ತುತ್ತಾರೆ. ಪೂರ್ತಿ ರೇಸಿಗೆಂದೇ ಕಟ್ಟಿದ ಕೆಲವು ಕಾರುಗಳಲ್ಲಿ ಡಾಗ್ ಗೇರ್‌ಬಾಕ್ಸ್ ಇರುತ್ತದೆ. ಅದರಲ್ಲಿ ಸಿಂಕ್ರೋ ರಿಂಗೇ ಇಲ್ಲ, ದಪ್ಪ ಹಲ್ಲುಗಳು ನೇರವಾಗಿ ಕಚ್ಚಿಕೊಳ್ಳುತ್ತವೆ. ಹಿತ್ತಾಳೆ ಇಲ್ಲದ ಮೇಲೆ ಎಣ್ಣೆಯ ಆಯ್ಕೆ ಬೇರೆಯೇ. ಅಲ್ಲದೆ ಅವರು ಎಣ್ಣೆಯನ್ನು ಆಗಾಗ ಚೆಲ್ಲಿ ಹೊಸದು ತುಂಬುತ್ತಾರೆ, ನಮ್ಮ ಹಾಗೆ ವರ್ಷಗಟ್ಟಲೆ ಬಿಡುವುದಿಲ್ಲ.

ಟ್ರ್ಯಾಕ್ಟರಿನ ಕಥೆಯೂ ಹಾಗೆಯೇ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಸಿಂಕ್ರೋ ಇರಲಿಲ್ಲ, ನಿಲ್ಲಿಸಿ ಗೇರ್ ಬದಲಿಸುತ್ತಿದ್ದರು, 90 ನಂಬರ್ ಎಣ್ಣೆ ಸಾಕಿತ್ತು. ಈಗಿನ ಹಲವು ಟ್ರ್ಯಾಕ್ಟರ್‌ಗಳಲ್ಲಿ ಗೇರು, ಹೈಡ್ರಾಲಿಕ್, ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಮೂರಕ್ಕೂ ಒಂದೇ ಎಣ್ಣೆ. ಅದಕ್ಕೆಂದೇ ಮಾಡಿದ ಆ ಎಣ್ಣೆ ಕಾರಿನ ಗೇರ್‌ಬಾಕ್ಸಿಗಲ್ಲ, ಕಾರಿನ ಜಿಎಲ್-5 ಆ ಬ್ರೇಕಿಗಲ್ಲ. ಹೊನ್ನಾಳಿ ಕಡೆ ಭತ್ತದ ಗದ್ದೆಯಲ್ಲಿ ಕೆಸರು ಹೊಡೆಯುವ ಟ್ರ್ಯಾಕ್ಟರಿಗೆ, ಅಥವಾ ಮಳೆಗಾಲದಲ್ಲಿ ನೀರು ತುಂಬಿದ ಹಳ್ಳ ದಾಟಿದ ಜೀಪಿಗೆ, ಬೇರೆ ಅಪಾಯವೂ ಇದೆ: ಗಾಳಿಕೊಳವೆಯಿಂದ ನೀರು ಒಳಹೋಗುವುದು. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಅದು ಎಷ್ಟೇ ದುಬಾರಿ ಎಣ್ಣೆಯಾಗಿದ್ದರೂ ಅಂದೇ ಬದಲಿಸಬೇಕು.

ಹಾಗಾದರೆ ಏನು ಹಾಕಬೇಕು?

ಗಾಡಿಯ ಜೊತೆ ಕೊಟ್ಟ ಮ್ಯಾನುಯಲ್ ಪುಸ್ತಕದ ಕೊನೆಯಲ್ಲಿ ಎಣ್ಣೆಗಳ ಪಟ್ಟಿ ಇರುತ್ತದೆ. ಗೇರ್‌ಬಾಕ್ಸಿಗೆ ಯಾವುದು, ಎಷ್ಟು ಲೀಟರ್; ಹಿಂದಿನ ಹೌಸಿಂಗಿಗೆ ಯಾವುದು; ಫೋರ್ ವೀಲ್ ಇದ್ದರೆ ಟ್ರಾನ್ಸ್‌ಫರ್ ಕೇಸಿಗೆ ಯಾವುದು. ಮೂರಕ್ಕೂ ಮೂರು ಬಗೆ ಇರಬಹುದು. ಆ ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಅಂಗಡಿಯಲ್ಲಿ ಅದನ್ನೇ ತೋರಿಸಿ. ಬ್ರ್ಯಾಂಡ್ ಯಾವುದೆಂಬುದು ನಮ್ಮ ಮಟ್ಟಿಗೆ ಎರಡನೇ ಮಾತು. ವರ್ಗ ಮತ್ತು ಗ್ರೇಡ್ ಎರಡೂ ಪುಸ್ತಕದಲ್ಲಿರುವಂತೆಯೇ ಇರಬೇಕು, ಸೀಲ್ ಇರುವ ಡಬ್ಬ ಆಗಿರಬೇಕು. ಲೂಸ್ ಎಣ್ಣೆಯಲ್ಲಿ ಏನಿದೆಯೆಂದು ತಿಳಿಯುವ ದಾರಿಯೇ ಇಲ್ಲ.

ಘಾಟಿಯಲ್ಲಿ ಭಾರ ಹೊತ್ತು ಓಡಾಡುವವರು, ಟ್ರೈಲರ್ ಎಳೆಯುವವರು, ಎಂಜಿನ್ನಿಗೆ ರೀಮ್ಯಾಪ್ ಮಾಡಿಸಿ ಟಾರ್ಕ್ ಏರಿಸಿಕೊಂಡವರು ಅದೇ ವರ್ಗ, ಅದೇ ಗ್ರೇಡಿನ ಪೂರ್ತಿ ಸಿಂಥೆಟಿಕ್ ಎಣ್ಣೆಗೆ ಹೋಗಬಹುದು. ಬಿಸಿಯಲ್ಲಿ ಅದು ಬೇಗ ಕೆಡುವುದಿಲ್ಲ. ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿ. ದುಡ್ಡು ಹಾಕುವುದಿದ್ದರೆ ಇಲ್ಲಿಯೇ ಹಾಕಿ. ಗೇರ್‌ಬಾಕ್ಸ್ ತಡೆಯುವುದಕ್ಕಿಂತ ಹೆಚ್ಚು ಟಾರ್ಕ್ ಏರಿಸಿಕೊಂಡಿದ್ದರೆ ಯಾವ ಎಣ್ಣೆಯೂ ಕಾಪಾಡುವುದಿಲ್ಲ. ಮೇಲಿಂದ ಸುರಿಯುವ 'ಗೇರ್ ಸ್ಮೂತ್' ಬಾಟಲಿಗಳ ಬಗ್ಗೆ ನಮಗೆ ಒಲವಿಲ್ಲ. ಜಾರಿಸುವುದೇ ಅವುಗಳ ಕೆಲಸ, ರಿಂಗಿಗೆ ಬೇಡವಾದದ್ದೂ ಅದೇ.

ಗೇರ್ ಗಟ್ಟಿಯಾಗಿದೆ ಎನಿಸಿದರೆ ಎಣ್ಣೆಗೆ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿ. ಎಂಜಿನ್ ಆರಿಸಿ ಎಲ್ಲ ಗೇರ್ ಹಾಕಿ ನೋಡಿ. ಆಮೇಲೆ ಗಾಡಿ ನಿಂತಲ್ಲೇ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಹಾಕಿ. ಆರಿಸಿದಾಗ ಸಲೀಸಾಗಿ ಬಿದ್ದು, ಸ್ಟಾರ್ಟ್ ಆದಾಗ ಮಾತ್ರ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಅದಕ್ಕೆ ಎಣ್ಣೆ ಮದ್ದಲ್ಲ.

ಈಗಾಗಲೇ ಬೇರೆ ಎಣ್ಣೆ ಹಾಕಿಸಿದ್ದರೆ ಗಾಬರಿ ಬೇಡ. ಗಾಡಿ ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಿರುವಾಗ ಪೂರ್ತಿ ಇಳಿಸಿ, ಸರಿಯಾದದ್ದನ್ನು ಸಮತಟ್ಟು ಜಾಗದಲ್ಲಿ ಲೆವೆಲ್ ಪ್ಲಗ್‌ವರೆಗೆ ತುಂಬಿಸಿ, ಹೆಚ್ಚಾದರೆ ನೊರೆ ಬಂದು ಸೀಲಿನಿಂದ ಸೋರುತ್ತದೆ. ಇಳಿಸಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ಬೂದುಬಣ್ಣದ ನಯವಾದ ಪೇಸ್ಟ್ ಮಾಮೂಲಿ ಸವೆತ. ಎಣ್ಣೆಯಲ್ಲಿ ಚಿನ್ನದ ಪುಡಿಯಂತೆ ಮಿನುಗುವುದು ಕಂಡರೆ ಅದು ಅಯಸ್ಕಾಂತಕ್ಕೆ ಅಂಟದ ಹಿತ್ತಾಳೆ, ರಿಂಗಿನದು. ಸ್ವಲ್ಪವಿದ್ದರೆ ಸರಿಯಾದ ಎಣ್ಣೆಯಲ್ಲಿ ಓಡಿಸಿ, ಮುಂದಿನ ಸಲ ಇಳಿಸಿದಾಗ ಮತ್ತೆ ನೋಡಿ. ತುಂಬ ಇದ್ದು, ಎರಡನೇ ಗೇರೂ ಕಿರುಚುತ್ತಿದ್ದರೆ ಗೇರ್‌ಬಾಕ್ಸ್ ಇಳಿಸಿ ರಿಂಗ್ ಬದಲಿಸಬೇಕಾಗುತ್ತದೆ.